ತನ್ನ ಹೆಸರನ್ನು ತಾನೇ ಇಟ್ಟುಕೊಂಡ ಎರಿಕ್ ಎರಿಕ್ಸನ್

ಐಡೆಂಟಿಟಿ ಕ್ರೈಸಿಸ್ ಅನ್ನೋ ಮಾತು ನಮ್ಮ ಕ್ಯಾಂಪಸ್ಸಿನಲ್ಲಿ ದಿನಕ್ಕೊಂದು ಸಲವಾದರೂ ಕಿವಿಗೆ ಬೀಳುತ್ತೆ. ಮೆಕ್ಯಾನಿಕಲ್ ಸೇರಿ ರಾತ್ರಿಯಿಡೀ ಪೈಥಾನ್ ಕಲಿಯುವವನಿಗೆ ಐಡೆಂಟಿಟಿ ಕ್ರೈಸಿಸ್. ಸಿವಿಲ್ ಓದುತ್ತಾ ಕಿರುಚಿತ್ರ ಮಾಡುವವಳಿಗೂ ಅದೇ. ಮೆಸ್ಸಿನ ಸಾಂಬಾರು ರಸಮ್ಮಿನ ಹಾಗಿದ್ದರೆ ಸಾಂಬಾರಿಗೂ ಅದೇ ಕಾಯಿಲೆ ಅಂತ ನಗುತ್ತೇವೆ. ತಮಾಷೆಗೆ ಬಳಸುವ ಈ ಎರಡು ಪದಗಳ ಹಿಂದೆ ಒಬ್ಬ ಮನುಷ್ಯನ ಇಡೀ ಬದುಕಿದೆ ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಆ ಮನುಷ್ಯ ಎರಿಕ್ ಎರಿಕ್ಸನ್. ಬಿ.ಎಡ್. ಅಥವಾ ಸೈಕಾಲಜಿ ಓದುವ ಗೆಳೆಯರನ್ನು ಕೇಳಿ, ಅವರಿಗೆ ಈ ಹೆಸರು ಪರೀಕ್ಷೆಯ ಹತ್ತು ಮಾರ್ಕಿನ ಪ್ರಶ್ನೆ. ಮನುಷ್ಯನ ಬೆಳವಣಿಗೆ ಬಾಲ್ಯಕ್ಕೆ ಮುಗಿಯುವುದಿಲ್ಲ, ತೊಟ್ಟಿಲಿನಿಂದ ಮುಪ್ಪಿನವರೆಗೆ ನಡೆಯುತ್ತಲೇ ಇರುತ್ತದೆ ಎಂದು ಹೇಳಿ, ಅದನ್ನು ಎಂಟು ಹಂತಗಳಲ್ಲಿ ವಿವರಿಸಿದವರು ಅವರು. ನಮ್ಮ ಸಿಲಬಸ್‌ನಲ್ಲಿ ಅವರಿಲ್ಲ. ಆದರೆ ಹದಿನೆಂಟರಿಂದ ಇಪ್ಪತ್ತೆರಡರ ನಡುವಿನ ನಮ್ಮ ಈ ವಯಸ್ಸಿನ ಬಗ್ಗೆ ಅವರಷ್ಟು ಯೋಚಿಸಿದವರು ಕಡಿಮೆ. ಅದಕ್ಕೇ ಈ ಸಂಚಿಕೆಯಲ್ಲಿ ಅವರ ಕಥೆ.

ಅಪ್ಪ ಯಾರೆಂದು ಗೊತ್ತಿಲ್ಲದ ಹುಡುಗ

ಎರಿಕ್ ಹುಟ್ಟಿದ್ದು 1902ರ ಜೂನ್ 15ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ತಾಯಿ ಕಾರ್ಲಾ ಅಬ್ರಹಾಮ್ಸೆನ್ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಯಹೂದಿ ಮನೆತನದವರು. ಅವರಿಗೆ ಸಾಲೊಮನ್ಸೆನ್ ಎಂಬುವವರ ಜೊತೆ ಮದುವೆಯಾಗಿತ್ತು, ಆದರೆ ಗಂಡ ಹೆಂಡತಿ ಬೇರೆಯಾಗಿಬಿಟ್ಟಿದ್ದರು. ಮಗುವಿನ ಹೆಸರಿನ ಜೊತೆ ಸಾಲೊಮನ್ಸೆನ್ ಅಂತಲೇ ದಾಖಲಾಯಿತು. ಆದರೆ ಮಗುವಿನ ತಂದೆ ಬೇರೆ ಯಾರೋ. ಅದು ಯಾರು ಎಂಬುದನ್ನು ಕಾರ್ಲಾ ಮಗನಿಗೆ ಕೊನೆಯವರೆಗೂ ತಿಳಿಸಲಿಲ್ಲ.

ಮಗುವನ್ನು ಎತ್ತಿಕೊಂಡು ಕಾರ್ಲಾ ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ ನೆಲೆಸಿದರು. ಎರಿಕ್‌ಗೆ ಮೂರು ವರ್ಷವಾದಾಗ ಅಲ್ಲಿನ ಮಕ್ಕಳ ಡಾಕ್ಟರ್ ಥಿಯೊಡೋರ್ ಹೊಂಬರ್ಗರ್ ಅವರನ್ನು ಮದುವೆಯಾದರು. ಹುಡುಗ ಎರಿಕ್ ಹೊಂಬರ್ಗರ್ ಆದ. ಈ ಡಾಕ್ಟರೇ ನಿನ್ನ ಹೆತ್ತ ಅಪ್ಪ ಎಂದು ಅವನಿಗೆ ಹೇಳಿ ಬೆಳೆಸಿದರು. ಮಕ್ಕಳಿಗೆ ಏನೂ ಗೊತ್ತಾಗಲ್ಲ ಅಂತ ದೊಡ್ಡವರು ಅಂದುಕೊಳ್ಳುತ್ತಾರೆ, ಗೊತ್ತಾಗೋದು ಗೊತ್ತಾಗಿಯೇ ಆಗುತ್ತೆ. ಮನೆಯಲ್ಲಿ ಯಾರ ಹಾಗೂ ಇಲ್ಲದ ಎತ್ತರದ ಮೈಕಟ್ಟು, ನೀಲಿ ಕಣ್ಣು, ಹೊಂಬಣ್ಣದ ಕೂದಲು. ಪ್ರಾರ್ಥನಾ ಮಂದಿರಕ್ಕೆ ಹೋದರೆ ಅಲ್ಲಿನ ಯಹೂದಿ ಹುಡುಗರು ಇವನು ನಮ್ಮವನಲ್ಲ ಎಂದು ಛೇಡಿಸುತ್ತಿದ್ದರು. ಶಾಲೆಗೆ ಹೋದರೆ ಜರ್ಮನ್ ಹುಡುಗರು ಇವನು ಯಹೂದಿ ಎಂದು ದೂರ ಇಡುತ್ತಿದ್ದರು. ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಆ ಹುಡುಗ ಬೆಳೆದ.

ಮಲತಂದೆಗೆ ಮಗ ತನ್ನ ಹಾಗೆ ಡಾಕ್ಟರ್ ಆಗಲಿ ಎಂಬ ಆಸೆ. ಈ ಭಾಗ ನಮಗೇನೂ ಹೊಸದಲ್ಲ ಬಿಡಿ. ಎರಿಕ್ ಶಾಲೆ ಮುಗಿಸಿದ್ದೇ ವಿಶ್ವವಿದ್ಯಾಲಯದ ಕಡೆ ತಲೆ ಹಾಕಲಿಲ್ಲ. ಸ್ಕೆಚ್ ಪುಸ್ತಕ ಹಿಡಿದು ಊರು ಬಿಟ್ಟ. ಮ್ಯೂನಿಕ್‌ನಲ್ಲಿ ಸ್ವಲ್ಪ ಕಾಲ ಚಿತ್ರಕಲೆ ಕಲಿತ, ಇಟಲಿಯ ಫ್ಲಾರೆನ್ಸ್‌ನಲ್ಲಿ ಅಲೆದಾಡಿದ, ಮತ್ತೆ ಮನೆಗೆ ಬಂದ, ಮತ್ತೆ ಹೊರಟ. ಕೈಯಲ್ಲಿ ಕಾಸಿಲ್ಲ, ಪದವಿಯಿಲ್ಲ, ಮುಂದೇನು ಎಂಬ ಅಂದಾಜಿಲ್ಲ. ಚಿತ್ರಗಾರನಾಗಿ ತಾನು ಅಂಥಾ ದೊಡ್ಡ ಪ್ರತಿಭೆಯಲ್ಲ ಎಂಬ ಅನುಮಾನವೂ ಶುರುವಾಗಿತ್ತು. ಇಪ್ಪತ್ತೈದು ವರ್ಷವಾದರೂ ಪರಿಸ್ಥಿತಿ ಇದೇ. ಇಂಥ ಮಗ ಮನೆಯಲ್ಲಿದ್ದರೆ ನೆಂಟರು ಮದುವೆ ಮನೆಯಲ್ಲಿ ಏನೇನು ಕೇಳುತ್ತಿದ್ದರು ಅಂತ ನಾವು ಊಹಿಸಬಹುದು.

ವಿಯೆನ್ನಾದ ಪುಟ್ಟ ಶಾಲೆ

1927ರಲ್ಲಿ ಬಾಲ್ಯದ ಗೆಳೆಯ ಪೀಟರ್ ಬ್ಲೋಸ್‌ನಿಂದ ಕರೆ ಬಂತು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಒಂದು ಪುಟ್ಟ ಶಾಲೆ ನಡೆಯುತ್ತಿದೆ, ಮೇಷ್ಟ್ರಾಗಿ ಬಾ ಎಂದು. ಆ ಶಾಲೆಯನ್ನು ನಡೆಸುತ್ತಿದ್ದವರು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು ಅನ್ನಾ ಫ್ರಾಯ್ಡ್ ಅವರ ಬಳಗದವರು. ಮಕ್ಕಳ ಜೊತೆ ಈ ಅಲೆಮಾರಿ ಚಿತ್ರಗಾರ ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಾನೆ ಎಂಬುದು ಅವರ ಕಣ್ಣಿಗೆ ಬಿತ್ತು. ಮಕ್ಕಳು ಆಡುವುದನ್ನು, ಕಟ್ಟುವುದನ್ನು, ಬಿಡಿಸುವುದನ್ನು ಎರಿಕ್ ಚಿತ್ರಗಾರನ ಕಣ್ಣಿನಿಂದ ನೋಡುತ್ತಿದ್ದರು. ಅನ್ನಾ ಫ್ರಾಯ್ಡ್ ಅವರೇ ಎರಿಕ್‌ಗೆ ಮನೋವಿಶ್ಲೇಷಣೆ ಮಾಡಿ, ಆ ವಿದ್ಯೆಯಲ್ಲಿ ತರಬೇತಿ ಕೊಡಿಸಿದರು. ಏಳು ವರ್ಷ ದಾರಿ ತಪ್ಪಿದಂತೆ ಕಂಡಿದ್ದ ಹುಡುಗನಿಗೆ ಹೀಗೆ ದಾರಿ ಸಿಕ್ಕಿತು. ಅವರು ಅಲೆದು ಕಲಿತದ್ದು, ಅಂದರೆ ಸುಮ್ಮನೆ ನೋಡುತ್ತಾ ಕೂರುವ ಅಭ್ಯಾಸ, ಇಲ್ಲಿ ಬಂಡವಾಳವಾಯಿತು.

ವಿಯೆನ್ನಾದಲ್ಲೇ ಜೋನ್ ಸೆರ್ಸನ್ ಸಿಕ್ಕರು. ಕೆನಡಾದವರು, ನೃತ್ಯದ ಅಧ್ಯಯನಕ್ಕೆಂದು ಯುರೋಪಿಗೆ ಬಂದಿದ್ದರು. 1930ರಲ್ಲಿ ಇಬ್ಬರೂ ಮದುವೆಯಾದರು. ಮುಂದೆ ಎರಿಕ್ ಬರೆದ ಪುಸ್ತಕಗಳನ್ನೆಲ್ಲ ತಿದ್ದಿದವರು, ಎಷ್ಟೋ ವಿಚಾರಗಳನ್ನು ಜೊತೆಗೆ ಕೂತು ಕಟ್ಟಿದವರು ಜೋನ್. ಮುಖಪುಟದಲ್ಲಿ ಬಂದದ್ದು ಮಾತ್ರ ಹೆಚ್ಚಾಗಿ ಗಂಡನ ಹೆಸರು.

1933ರಲ್ಲಿ ಎರಿಕ್ ತರಬೇತಿ ಮುಗಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಎರಿಕ್ ಕುಟುಂಬ ವಿಯೆನ್ನಾ ಬಿಟ್ಟಿತು. ತಾಯಿಯ ನಾಡು ಡೆನ್ಮಾರ್ಕಿನಲ್ಲಿ ನೆಲೆಸಲು ನೋಡಿದರು, ಅನುಮತಿ ಸಿಗಲಿಲ್ಲ. ಕೊನೆಗೆ ಅಮೆರಿಕದ ಬಾಸ್ಟನ್. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಹೇಳಿಕೊಳ್ಳಲು ಡಿಗ್ರಿ ಇರಲಿಲ್ಲ. ಆದರೂ ಆ ಊರಿನ ಮೊದಲ ಮಕ್ಕಳ ಮನೋವಿಶ್ಲೇಷಕ ಎಂದು ಹೆಸರಾಯಿತು. ಹಾರ್ವರ್ಡ್‌ನಲ್ಲಿ ಪಿಎಚ್.ಡಿ.ಗೆ ಸೇರಿದರು, ಅರ್ಧಕ್ಕೇ ಬಿಟ್ಟರು.

ಅಮೆರಿಕದಲ್ಲಿ ಅವರ ಯೋಚನೆಗೆ ಹೊಸ ತಿರುವು ಕೊಟ್ಟದ್ದು ಆಸ್ಪತ್ರೆಯೂ ಅಲ್ಲ, ಪುಸ್ತಕವೂ ಅಲ್ಲ. 1938ರಲ್ಲಿ ದಕ್ಷಿಣ ಡಕೋಟಾದ ಪೈನ್ ರಿಡ್ಜ್‌ಗೆ ಹೋಗಿ ಅಲ್ಲಿನ ಸೂ ಬುಡಕಟ್ಟಿನ ಮಕ್ಕಳನ್ನು ನೋಡಿದರು. ಆ ಜನರ ಬದುಕು ನಿಂತಿದ್ದದ್ದು ಕಾಡೆಮ್ಮೆಗಳ ಬೇಟೆಯ ಮೇಲೆ. ಬಿಳಿಯರು ಬಂದ ಮೇಲೆ ಕಾಡೆಮ್ಮೆಗಳೂ ಹೋದವು, ಆ ಬದುಕೂ ಹೋಯಿತು. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಮಕ್ಕಳು ಯಾವುದಕ್ಕೂ ಸ್ಪಂದಿಸುವುದಿಲ್ಲ ಎಂಬ ದೂರು. ಎರಿಕ್ ಕಂಡದ್ದು ಬೇರೆ. ಮನೆಯಲ್ಲಿ ಹಿರಿಯರು ಒಂದು ಬಗೆಯ ಮನುಷ್ಯನಾಗು ಎನ್ನುತ್ತಾರೆ, ಶಾಲೆ ಇನ್ನೊಂದು ಬಗೆ ಎನ್ನುತ್ತದೆ. ಎರಡರ ನಡುವೆ ಸೇತುವೆಯಿಲ್ಲ. ಮಗುವಿನ ಮನಸ್ಸಿನ ಒಳಗೆ ಎಷ್ಟು ಹುಡುಕಿದರೂ ಈ ನೋವಿನ ಕಾರಣ ಪೂರ್ತಿ ಸಿಗುವುದಿಲ್ಲ, ಅದರ ಅರ್ಧ ಸಮಾಜದಲ್ಲಿದೆ. ಅವರ ಸಿದ್ಧಾಂತಕ್ಕೆ ಮನೋಸಾಮಾಜಿಕ ಎಂಬ ಹೆಸರು ಬಂದದ್ದು ಇದಕ್ಕೇ.

1939ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ಆಗ ಅವರು ತಮ್ಮ ಹೆಸರನ್ನೇ ಬದಲಾಯಿಸಿದರು. ಹೊಂಬರ್ಗರ್ ಹೆಸರಿನ ನಡುವಿಗೆ ಸರಿಯಿತು, ಕೊನೆಗೆ ಎರಿಕ್ಸನ್ ಬಂತು. ಎರಿಕ್ಸನ್ ಅಂದರೆ ಎರಿಕ್‌ನ ಮಗ ಎಂದರ್ಥ. ಅಪ್ಪನ ಹೆಸರು ಗೊತ್ತಿಲ್ಲದವನು ತನಗೆ ತಾನೇ ಅಪ್ಪನಾದ ಹಾಗೆ.

ಮರೆಯಲ್ಲಿ ಬೆಳೆದ ಮಗ

ಕ್ಯಾಲಿಫೋರ್ನಿಯಾದಲ್ಲಿದ್ದಾಗ ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಎರಿಕ್ಸನ್ ಚಿಕಿತ್ಸೆ ನೀಡಿದರು. ಆ ಸೈನಿಕರಿಗೆ ತಮ್ಮ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು, ಆದರೆ ನಿನ್ನೆಯ ತಾನು ಮತ್ತು ಇವತ್ತಿನ ತಾನು ಒಬ್ಬನೇ ಎಂಬ ಭಾವ ಕಳೆದುಹೋಗಿತ್ತು. ಇದಕ್ಕೆ ಅವರು ಇಟ್ಟ ಹೆಸರೇ ಐಡೆಂಟಿಟಿ ಕ್ರೈಸಿಸ್. ಮುಂದೆ, ಯುದ್ಧದ ಹತ್ತಿರವೂ ಸುಳಿಯದ ಹರೆಯದವರಲ್ಲೂ ಇದರ ಸೌಮ್ಯ ರೂಪ ಸಹಜವಾಗಿ ಬರುತ್ತದೆ ಎಂದು ಕಂಡುಕೊಂಡರು.

ಇದೇ ಕಾಲದಲ್ಲಿ, 1944ರಲ್ಲಿ, ಎರಿಕ್ಸನ್ ದಂಪತಿಗೆ ನಾಲ್ಕನೇ ಮಗು ಹುಟ್ಟಿತು. ಹೆಸರು ನೀಲ್. ಮಗುವಿಗೆ ಡೌನ್ ಸಿಂಡ್ರೋಮ್ ಇತ್ತು. ಅಂಥ ಮಕ್ಕಳನ್ನು ಮನೆಯಿಂದ ದೂರ, ಸಂಸ್ಥೆಗಳಲ್ಲಿ ಬಿಡುವುದು ಆಗ ಅಲ್ಲಿ ರೂಢಿಯಾಗಿತ್ತು. ನೀಲ್‌ನನ್ನೂ ಹಾಗೇ ಕಳಿಸಲಾಯಿತು. ಮನೆಯಲ್ಲಿದ್ದ ಮಕ್ಕಳಿಗೆ ತಮ್ಮ ಹುಟ್ಟುವಾಗಲೇ ತೀರಿಕೊಂಡ ಎಂದು ಹೇಳಿದರು. ನೀಲ್ ಸುಮಾರು ಇಪ್ಪತ್ತು ವರ್ಷ ಬದುಕಿದ್ದ. ಅಪ್ಪನ ಬಗ್ಗೆ ತನಗೆ ಸುಳ್ಳು ಹೇಳಿ ಬೆಳೆಸಿದರು ಎಂಬ ನೋವನ್ನು ಜೀವನಪೂರ್ತಿ ಹೊತ್ತವರು ತಮ್ಮ ಮಕ್ಕಳಿಗೂ ಹಾಗೇ ಒಂದು ಸುಳ್ಳು ಹೇಳಿದರು. ಎರಿಕ್ಸನ್ ತೀರಿಕೊಂಡ ಮೇಲೆ ಈ ವಿಷಯ ಪುಸ್ತಕಗಳಲ್ಲಿ ಬಂತು, ಅವರ ಮಗಳೂ ಬರೆದರು. ದೊಡ್ಡವರ ಜೀವನ ಬರೆಯುವಾಗ ಇದನ್ನು ಬಿಟ್ಟು ಬರೆಯುವುದು ಸುಲಭ. ಆದರೆ ಮಗುವಿಗೆ ಮೊದಲು ಬೇಕಾದದ್ದು ನಂಬಿಕೆ ಎಂದು ಬರೆದ ಕೈ ಯಾವ ಮನೆಯಲ್ಲಿ ಕೂತು ಬರೆಯಿತು ಎಂಬುದೂ ನಮಗೆ ತಿಳಿದಿರಬೇಕು.

ಎಂಟು ಹಂತಗಳು

1950ರಲ್ಲಿ ಅವರ ಮೊದಲ ಪುಸ್ತಕ ಚೈಲ್ಡ್‌ಹುಡ್ ಅಂಡ್ ಸೊಸೈಟಿ ಬಂತು. ಎಂಟು ಹಂತಗಳು ಲೋಕಕ್ಕೆ ಪರಿಚಯವಾದದ್ದು ಅದರಲ್ಲೇ. ಫ್ರಾಯ್ಡ್ ಅವರ ಹಂತಗಳು ಹರೆಯಕ್ಕೆ ನಿಂತುಬಿಡುತ್ತಿದ್ದವು. ಎರಿಕ್ಸನ್ ಅಲ್ಲಿಂದ ಮುಂದಕ್ಕೂ ರಸ್ತೆ ಹಾಕಿದರು.

ಲೆಕ್ಕ ಸರಳ. ಪ್ರತಿ ವಯಸ್ಸಿಗೂ ಒಂದು ಎಳೆದಾಟ, ಗೆದ್ದರೆ ಒಂದು ಬಲ. ಹಸುಗೂಸಿಗೆ ನಂಬಿಕೆ ಮತ್ತು ಅಪನಂಬಿಕೆಯ ಎಳೆದಾಟ, ಸಿಗುವ ಬಲ ಭರವಸೆ. ನಡೆಯಲು ಕಲಿತ ಮಗುವಿಗೆ ನಾನೇ ಮಾಡ್ತೀನಿ ಎಂಬ ಹಟಕ್ಕೂ ನಾಚಿಕೆ, ಸಂಶಯಕ್ಕೂ ಜಟಾಪಟಿ, ಸಿಗುವುದು ಇಚ್ಛಾಶಕ್ತಿ. ಆಟದ ವಯಸ್ಸಿನಲ್ಲಿ ಮುನ್ನುಗ್ಗುವಿಕೆ ಮತ್ತು ತಪ್ಪು ಮಾಡಿಬಿಟ್ಟೆ ಎಂಬ ಅಳುಕು, ಸಿಗುವುದು ಗುರಿ. ಶಾಲೆಯ ವಯಸ್ಸಿನಲ್ಲಿ ದುಡಿಮೆ ಮತ್ತು ಕೀಳರಿಮೆ, ಸಿಗುವುದು ಸಾಮರ್ಥ್ಯ. ಹರೆಯದಲ್ಲಿ ನಾನು ಯಾರು ಎಂಬ ಸ್ಪಷ್ಟತೆ ಮತ್ತು ಗೊಂದಲ, ಸಿಗುವುದು ನಿಷ್ಠೆ. ಆಮೇಲೆ ಆತ್ಮೀಯತೆ ಮತ್ತು ಒಂಟಿತನ, ಸಿಗುವುದು ಪ್ರೀತಿ. ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಯನ್ನು ಬೆಳೆಸುವುದು ಮತ್ತು ಜಡವಾಗುವುದು, ಸಿಗುವುದು ಕಾಳಜಿ. ಮುಪ್ಪಿನಲ್ಲಿ ಬದುಕು ಸಾರ್ಥಕ ಎಂಬ ಸಮಾಧಾನ ಮತ್ತು ಹತಾಶೆ, ಸಿಗುವುದು ವಿವೇಕ.

ಗರ್ಭದಲ್ಲಿ ಒಂದೊಂದು ಅಂಗ ತನ್ನ ಸಮಯಕ್ಕೆ ಮೂಡುವ ಹಾಗೆ ವ್ಯಕ್ತಿತ್ವದ ಒಂದೊಂದು ಭಾಗಕ್ಕೂ ಅದರದೇ ಕಾಲವಿದೆ ಎಂಬುದು ಇದರ ಆಧಾರ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಇಲ್ಲಿ ಬ್ಯಾಕ್‌ಲಾಗ್ ಇದೆ, ಇಯರ್ ಬ್ಯಾಕ್ ಇಲ್ಲ. ಒಂದು ಹಂತದಲ್ಲಿ ಬಗೆಹರಿಯದ್ದು ಮುಂದಿನ ಹಂತಕ್ಕೆ ಜೊತೆಗೇ ಬರುತ್ತೆ, ವಯಸ್ಸು ಮಾತ್ರ ಯಾರಿಗೂ ಕಾಯದೆ ಮುಂದಕ್ಕೆ ಒಯ್ಯುತ್ತೆ. ಹಳೆಯದನ್ನು ಆಮೇಲೆ ಪಾಸು ಮಾಡಿಕೊಳ್ಳಲು ಅವಕಾಶ ಯಾವತ್ತೂ ಇರುತ್ತೆ. ಇನ್ನೊಂದು ವಿಷಯ. ಎಳೆದಾಟದ ಎರಡೂ ಕಡೆ ಬೇಕು. ಚೂರೂ ಅಪನಂಬಿಕೆ ಇಲ್ಲದವನು ಸಿಕ್ಕಿದ ಲಿಂಕನ್ನೆಲ್ಲ ಒತ್ತಿ ಮೋಸ ಹೋಗುತ್ತಾನೆ. ಒಳ್ಳೆಯದರ ತೂಕ ಸ್ವಲ್ಪ ಹೆಚ್ಚಿದ್ದರೆ ಸಾಕು.

ಒಂದು ಸ್ವಾರಸ್ಯವೂ ಇದೆ. ಮೊದಲು ಈ ಪಟ್ಟಿಯಲ್ಲಿ ಇದ್ದದ್ದು ಏಳೇ ಹಂತ. ಒಂದು ಉಪನ್ಯಾಸಕ್ಕೆ ಹೊರಟ ಎರಿಕ್ಸನ್‌ರನ್ನು ಜೋನ್ ಕಾರಿನಲ್ಲಿ ರೈಲ್ವೆ ಸ್ಟೇಷನ್‌ಗೆ ಬಿಡುತ್ತಿದ್ದಾಗ ಇಬ್ಬರಿಗೂ ಹೊಳೆಯಿತು. ಪ್ರೀತಿಯ ಹಂತದಿಂದ ಪಟ್ಟಿ ನೇರವಾಗಿ ಮುಪ್ಪಿಗೆ ಜಿಗಿದಿತ್ತು. ಮಕ್ಕಳನ್ನು ಬೆಳೆಸುತ್ತಾ, ದುಡಿಯುತ್ತಾ ಇದ್ದ ತಮ್ಮದೇ ವಯಸ್ಸನ್ನು ಇಬ್ಬರೂ ಮರೆತಿದ್ದರು! ಏಳನೇ ಹಂತ ಸೇರಿದ್ದು ಹಾಗೆ.

ಲೋನ್‌ಗೆ ಇರುವ ಪದ ನಮಗೂ ಇದೆ

1950ರಲ್ಲೇ ಇನ್ನೊಂದು ಘಟನೆ. ಕಮ್ಯುನಿಸ್ಟ್ ಭೀತಿಯ ಆ ದಿನಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರಾಧ್ಯಾಪಕರಿಂದ ನಿಷ್ಠೆಯ ಪ್ರಮಾಣ ಬರೆಸಿಕೊಳ್ಳತೊಡಗಿತು. ಎರಿಕ್ಸನ್ ಅದನ್ನು ವಿರೋಧಿಸಿ ಕೆಲಸ ಬಿಟ್ಟರು. ಮುಂದಿನ ಸುಮಾರು ಹತ್ತು ವರ್ಷ ಮ್ಯಾಸಚೂಸೆಟ್ಸ್‌ನ ಆಸ್ಟಿನ್ ರಿಗ್ಸ್ ಕೇಂದ್ರದಲ್ಲಿ ಮಾನಸಿಕವಾಗಿ ಕುಸಿದಿದ್ದ ಯುವಜನರ ಜೊತೆ ಕೆಲಸ ಮಾಡಿದರು.

ಅಲ್ಲಿ ಗಟ್ಟಿಯಾದ ಒಂದು ವಿಚಾರ ನಮಗೆ ತುಂಬಾ ಹತ್ತಿರದ್ದು. ಎಜುಕೇಶನ್ ಲೋನ್ ತೆಗೆದುಕೊಂಡವರಿಗೆ ಮೊರಟೋರಿಯಂ ಪದ ಹೊಸದಲ್ಲ. ಓದು ಮುಗಿದು ಸ್ವಲ್ಪ ಕಾಲದವರೆಗೆ ಕಂತು ಕಟ್ಟು ಅಂತ ಬ್ಯಾಂಕು ಬೆನ್ನು ಹತ್ತುವುದಿಲ್ಲ. ಎರಿಕ್ಸನ್ ಇದೇ ಪದವನ್ನು ಬದುಕಿಗೆ ಹಚ್ಚಿದರು. ಹರೆಯ ಮುಗಿದು ದೊಡ್ಡವರಾಗುವ ನಡುವೆ ಸಮಾಜ ಒಂದಿಷ್ಟು ಸಮಯ ಕೊಡಬೇಕು. ಬೇರೆ ಬೇರೆ ಪಾತ್ರಗಳನ್ನು ಹಾಕಿ ನೋಡಿ, ಹೊಂದದ್ದನ್ನು ಬಿಚ್ಚಿಡಲು ಆ ಸಮಯ ಬೇಕು. ತಮ್ಮ ಅಲೆದಾಟದ ವರ್ಷಗಳನ್ನೂ ಅವರು ಆಮೇಲೆ ಹೀಗೆಯೇ ಕಂಡರು.

1966ರಲ್ಲಿ ಜೇಮ್ಸ್ ಮಾರ್ಸಿಯಾ ಎಂಬ ಮನೋವಿಜ್ಞಾನಿ ಇದನ್ನು ಇನ್ನಷ್ಟು ಬಿಡಿಸಿ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಹುಡುಕಿ ನಿರ್ಧಾರಕ್ಕೆ ಬಂದವರು ಒಂದು ಕಡೆ. ಇನ್ನೂ ಹುಡುಕುತ್ತಿರುವವರು ಎರಡನೆಯವರು. ಹುಡುಕಾಟವೂ ಇಲ್ಲ, ನಿರ್ಧಾರವೂ ಇಲ್ಲ ಎನ್ನುವವರು ಮೂರನೆಯವರು. ನಾಲ್ಕನೆಯವರು ಹುಡುಕದೆಯೇ ನಿರ್ಧರಿಸಿದವರು, ಅಂದರೆ ಮನೆಯವರು ಹೇಳಿದ್ದನ್ನು ಹಾಗೇ ತೊಟ್ಟುಕೊಂಡವರು. ಸಿಇಟಿ ರ‍್ಯಾಂಕ್ ಬಂದ ದಿನ ಮಾವ ಹೇಳಿದ ಬ್ರಾಂಚನ್ನೇ ಆಪ್ಷನ್ ಎಂಟ್ರಿಯಲ್ಲಿ ಮೊದಲು ಒತ್ತಿದವರು ಯಾರ‍್ಯಾರು ಅಂತ ಕೈ ಎತ್ತಿಸಿದರೆ ಕ್ಲಾಸಿನಲ್ಲಿ ಎಷ್ಟು ಕೈ ಮೇಲೇಳಬಹುದು? ಹೊರಗಿನಿಂದ ನೋಡಿದರೆ ಈ ನಾಲ್ಕನೆಯವರೇ ಎಲ್ಲರಿಗಿಂತ ಸೆಟಲ್ ಆದವರ ಹಾಗೆ ಕಾಣುತ್ತಾರೆ. ಗೊಂದಲದಲ್ಲಿರುವ ಎರಡನೆಯವರು ಹಾಳಾದವರ ಹಾಗೆ ಕಾಣುತ್ತಾರೆ. ಎರಿಕ್ಸನ್ ದಾರಿಯಲ್ಲಿ ನೋಡಿದರೆ ಲೆಕ್ಕ ತಿರುವುಮುರುವು.

ಅಹಮದಾಬಾದಿಗೆ ಬಂದ ಪ್ರೊಫೆಸರ್

1960ರಲ್ಲಿ ಎರಿಕ್ಸನ್ ಹಾರ್ವರ್ಡ್‌ನಲ್ಲಿ ಮಾನವ ವಿಕಾಸದ ಪ್ರೊಫೆಸರ್ ಆದರು. ಬಿ.ಎ. ಕೂಡ ಮಾಡದ ಪ್ರೊಫೆಸರ್! ಜೀವನಚಕ್ರದ ಮೇಲೆ ಅವರು ತೆಗೆದುಕೊಳ್ಳುತ್ತಿದ್ದ ಕ್ಲಾಸಿಗೆ ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದರು.

1962ರಲ್ಲಿ ಒಂದು ವಿಚಾರ ಸಂಕಿರಣಕ್ಕೆಂದು ಅಹಮದಾಬಾದಿಗೆ ಬಂದರು. ಅಲ್ಲಿ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅವರ ಕುಟುಂಬದ ಪರಿಚಯವಾಯಿತು. ಇಸ್ರೋ ಅಂದ ಕೂಡಲೇ ನಮಗೆ ನೆನಪಾಗುವ ವಿಕ್ರಮ್ ಸಾರಾಭಾಯಿ ಇವರ ಮಗ. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಗಾಂಧೀಜಿಯ ನೇತೃತ್ವದಲ್ಲಿ ಮುಷ್ಕರ ಹೂಡಿದಾಗ ಅಂಬಾಲಾಲ್ ಮಾಲೀಕರ ಕಡೆ, ಅವರ ಸ್ವಂತ ಅಕ್ಕ ಅನಸೂಯಾ ಕಾರ್ಮಿಕರ ಕಡೆ. ಗಾಂಧೀಜಿ ಉಪವಾಸ ಕೂತರು. ಅವರಿಗೆ ಆಗ 48 ವರ್ಷ. ಆ ನಡುವಯಸ್ಸಿನ ಮನುಷ್ಯ ಒಂದು ದೇಶವನ್ನೇ ಬೆಳೆಸುವ ಹೊಣೆ ಹೇಗೆ ಹೊತ್ತುಕೊಂಡ ಎಂಬುದೇ ಎರಿಕ್ಸನ್ ಅವರ ಪ್ರಶ್ನೆ. ಮತ್ತೆ ಮತ್ತೆ ಬಂದು, ಆ ಮುಷ್ಕರ ಕಂಡವರನ್ನು ಮಾತಾಡಿಸಿ ಗಾಂಧೀಸ್ ಟ್ರುತ್ ಬರೆದರು. 1969ರಲ್ಲಿ ಬಂದ ಆ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದರ ನಡುವೆ, ತೀರಿಹೋದ ಗಾಂಧೀಜಿಗೆ ಬರೆದ ಒಂದು ಉದ್ದನೆಯ ಪತ್ರವಿದೆ. ಹತ್ತಿರದವರ ಮೇಲೆ ನೀವು ತೋರಿದ ಕಾಠಿಣ್ಯ ಹಿಂಸೆಯಲ್ಲವೇ ಎಂಬ ಪ್ರಶ್ನೆ ಅದರಲ್ಲಿದೆ. ನೀಲ್‌ನ ವಿಷಯ ಗೊತ್ತಿದ್ದು ಓದುವವರಿಗೆ ಆ ಪತ್ರ ಬೇರೆಯದೇ ಭಾರದಲ್ಲಿ ಕಾಣುತ್ತದೆ.

ಅಹಮದಾಬಾದಿನಲ್ಲೇ ಅವರಿಗೆ ಒಬ್ಬ ಯುವಕ ಸಿಕ್ಕಿದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಜರ್ಮನಿಯಲ್ಲಿ ಅರ್ಥಶಾಸ್ತ್ರ ಓದಿ, ಆದರೂ ಮುಂದೇನು ಎಂದು ತಿಳಿಯದೆ ತೊಳಲಾಡುತ್ತಿದ್ದವನು. ಹೆಸರು ಸುಧೀರ್ ಕಾಕರ್. ಎರಿಕ್ಸನ್ ಅವರನ್ನು ನೋಡಿದ ಮೇಲೆ ಅವನ ದಾರಿ ಬದಲಾಯಿತು. ಹಾರ್ವರ್ಡ್‌ನಲ್ಲಿ ಅವರಿಗೆ ಸಹಾಯಕನಾಗಿ ದುಡಿದು, ಮುಂದೆ ಭಾರತದ ಅತ್ಯಂತ ಪ್ರಸಿದ್ಧ ಮನೋವಿಶ್ಲೇಷಕನಾದ. ನಮ್ಮ ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸಗಳನ್ನು ಎರಿಕ್ಸನ್‌ರ ಹಂತಗಳ ಪಕ್ಕ ಇಟ್ಟು ನೋಡಿದವರೂ ಇದೇ ಕಾಕರ್.

ಪಟ್ಟಿಗೆ ಬಿದ್ದ ಪ್ರಶ್ನೆಗಳು

ಎರಿಕ್ಸನ್ ಹೇಳಿದ್ದೇ ಕೊನೆಯ ಮಾತಲ್ಲ. ಹಾರ್ವರ್ಡ್‌ನಲ್ಲಿ ಅವರ ಜೊತೆ ಪಾಠ ಮಾಡಿದ ಕ್ಯಾರೊಲ್ ಗಿಲಿಗನ್ 1982ರಲ್ಲಿ ಬರೆದ ಪುಸ್ತಕದಲ್ಲಿ, ಈ ಹಂತಗಳು ಗಂಡಿನ ಬದುಕನ್ನೇ ಅಳತೆಗೋಲು ಮಾಡಿಕೊಂಡಿವೆ ಎಂದು ಟೀಕಿಸಿದರು. ಮೊದಲು ನಾನು ಯಾರೆಂದು ತಿಳಿ, ಆಮೇಲೆ ಸಂಬಂಧ ಎಂಬ ಕ್ರಮ ಎಷ್ಟೋ ಹೆಣ್ಣುಮಕ್ಕಳ ಬದುಕಿಗೆ ಹೊಂದುವುದಿಲ್ಲ. ಇವನ್ನು ಲ್ಯಾಬಿನಲ್ಲಿ ಅಳೆದು ಸಾಬೀತು ಮಾಡುವುದೂ ಕಷ್ಟ. ಹುಡುಕಾಡಲು ಸಮಯ ಎಂಬುದು ಮನೆಯಲ್ಲಿ ಅನುಕೂಲ ಇದ್ದವರಿಗೆ ಸಿಗುವಷ್ಟು ಇಲ್ಲದವರಿಗೆ ಸಿಗುವುದಿಲ್ಲ ಎಂಬುದೂ ನಿಜ. ಅಪ್ಪನ ಸಾಲ ತೀರಿಸಲು ಏಳನೇ ಸೆಮ್‌ನಲ್ಲಿ ಸಿಕ್ಕಿದ ಮೊದಲ ಆಫರ್ ಒಪ್ಪಿಕೊಳ್ಳುವ ಗೆಳೆಯನಿಗೆ ಹೋಗಿ ಫ್ಲಾರೆನ್ಸ್ ಸುತ್ತಿಕೊಂಡು ಬಾ ಎನ್ನಲಾಗದು. ಆದರೆ ಆ ಆಫರ್ ಒಪ್ಪಿದ ಮಾತ್ರಕ್ಕೆ ಅವನ ಹುಡುಕಾಟ ಮುಗಿಯಿತು ಅಂತಲೂ ಅಲ್ಲ. ಬೆಳವಣಿಗೆ ಜೀವನಪೂರ್ತಿ ನಡೆಯುತ್ತದೆ ಎಂಬ ಮಾತಿನ ಬೆಲೆ ಇರುವುದು ಇಲ್ಲೇ.

ಎರಿಕ್ಸನ್ 1994ರ ಮೇ 12ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆತ್ತ ಅಪ್ಪ ಯಾರೆಂಬುದು ಕೊನೆಗೂ ಗೊತ್ತಾಗಲಿಲ್ಲ. ತೊಂಬತ್ತು ದಾಟಿದ ಜೋನ್ ಆಮೇಲೆ ಪಟ್ಟಿಗೆ ಒಂಬತ್ತನೇ ಹಂತ ಸೇರಿಸಿದರು. ದೇಹ ಕೈಕೊಡುವ, ಹಿಂದೆ ಗೆದ್ದ ಎಳೆದಾಟಗಳೆಲ್ಲ ಮತ್ತೆ ಎದುರು ನಿಲ್ಲುವ ಅತಿ ಮುಪ್ಪಿನ ಹಂತ ಅದು. 1950ರಲ್ಲಿ ಈ ವಿಷಯ ಅವರಿಬ್ಬರಿಗೂ ಹೊಳೆಯಲು ಸಾಧ್ಯವಿರಲಿಲ್ಲ, ಅಲ್ಲಿಗೆ ಅವರಿನ್ನೂ ತಲುಪಿರಲಿಲ್ಲ.

ನಾನು ಯಾರು ಎಂಬ ಪ್ರಶ್ನೆಯನ್ನು ಎರಿಕ್ಸನ್ ಹರೆಯದ ಸಾಲಿನಲ್ಲಿ ಬರೆದರು. ಅವರಿಗೆ ದಾರಿ ಸಿಕ್ಕಿದ್ದು 25ಕ್ಕೆ, ಹೆಸರು ಸಿಕ್ಕಿದ್ದು 1939ರಲ್ಲಿ, ಎರಡು ಮೂರು ಮಕ್ಕಳ ಅಪ್ಪನಾದ ಮೇಲೆ. ನಮಗಿನ್ನೂ ಆರನೇ ಸೆಮ್.